ಹಾಯಿದೋಣಿಯ ಒಳಮರ ಬದಲಿಸುವ ಮೊದಲು

ಮಳೆಗಾಲ ಮುಗಿದ ಮೇಲೆ ಅಡುಗೆಮನೆಯ ಕಪಾಟು ತೆರೆದರೆ, ಗೋಡೆಗೆ ತಾಗಿದ ಹಲಗೆ ಉಬ್ಬಿ ಬೆರಳಿಟ್ಟಲ್ಲಿ ಪುಡಿಯಾಗುವುದು ನಮ್ಮ ಕರಾವಳಿಯ ಮನೆಗಳಲ್ಲಿ ಹೊಸತಲ್ಲ. ಹಾಗಾದರೆ ವರ್ಷವಿಡೀ ನೀರಿನಲ್ಲೇ ಇರುವ ಪುಟ್ಟ ಹಾಯಿದೋಣಿಯ ಒಳಗಿನ ಮರದ ಗತಿಯೇನು? ಅದನ್ನು ಬದಲಿಸುವವರ ಕ್ರಮದಿಂದ ನಾವೂ ಕಲಿಯಬಹುದು.

ಅಮೆರಿಕದ ರೋಡ್ ಐಲೆಂಡ್‌ನಲ್ಲಿ ತಯಾರಾದ ‘ಪಿಯರ್ಸನ್ ಟ್ರೈಟನ್’ ದೋಣಿಯನ್ನೇ ನೋಡೋಣ. ಕಾರ್ಲ್ ಆಲ್ಬರ್ಗ್ ವಿನ್ಯಾಸಗೊಳಿಸಿದ, ಸುಮಾರು 28 ಅಡಿ ಉದ್ದದ ಈ ದೋಣಿ 1959ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಏಳುನೂರರಷ್ಟು ದೋಣಿಗಳು ತಯಾರಾದವು. ಜೇಮ್ಸ್ ಬಾಲ್ಡ್ವಿನ್ ಎಂಬವರು ಇಂತಹ ಒಂದು ದೋಣಿಯಲ್ಲಿ ಎರಡು ಬಾರಿ ಜಗತ್ತನ್ನು ಸುತ್ತಿ ಬಂದಿದ್ದಾರೆ.

ಟ್ರೈಟನ್‌ನ ಹೊರಮೈ ಫೈಬರ್‌ಗ್ಲಾಸ್, ಅದು ಕೊಳೆಯದು. ಕೊಳೆಯುವುದು ಒಳಗಿನ ಮರ. ಈ ದೋಣಿಯ ಹಾಯಿಕಂಬ ಮೇಲ್ಛಾವಣಿಯ ಮೇಲೆ ನಿಂತಿದೆ. ಅದರ ಭಾರವನ್ನು ಕೆಳಗಿನ ತೊಲೆ ಮತ್ತು ಅಡ್ಡಗೋಡೆಗಳು ಹೊರುತ್ತವೆ. ಅವು ಮೆತ್ತಗಾದರೆ ಛಾವಣಿ ಕುಸಿಯುತ್ತದೆ, ಕಂಬವನ್ನು ಬಿಗಿದ ತಂತಿಗಳು ಸಡಿಲವಾಗುತ್ತವೆ. ಬಿರುಗಾಳಿಯಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಒಳಮರ ಬರೀ ಅಲಂಕಾರವಲ್ಲ.

ಮರಕ್ಕೆ ಸಮುದ್ರದ ಉಪ್ಪುನೀರಿಗಿಂತ ಮಳೆನೀರೇ ಹೆಚ್ಚು ಅಪಾಯಕಾರಿ. ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಹಿಡಿಸದು. ಛಾವಣಿಯ ಬೋಲ್ಟಿನ ತೂತು, ಕಿಟಕಿಯ ಅಂಚುಗಳಿಂದ ಸಿಹಿನೀರು ಹನಿಹನಿಯಾಗಿ ಇಳಿಯುತ್ತದೆ.

ಕೆಲಸದ ಕ್ರಮ

ಮೊದಲು ಸೋರಿಕೆ ಹುಡುಕಿ ಮುಚ್ಚಬೇಕು. ಇಲ್ಲವಾದರೆ ಹೊಸ ಮರಕ್ಕೂ ಅದೇ ಗತಿ. ಬಳಿಕ ಸ್ಕ್ರೂಡ್ರೈವರಿನಿಂದ ಚುಚ್ಚಿ, ಕೊಳೆತ ಭಾಗ ಎಲ್ಲಿಯವರೆಗೆ ಇದೆಯೆಂದು ಗುರುತಿಸಬೇಕು. ಭಾರ ಹೊತ್ತ ಗೋಡೆಯನ್ನು ಬಿಚ್ಚುವ ಮೊದಲು ಹಾಯಿಕಂಬವನ್ನು ಇಳಿಸಲೇಬೇಕು.

ಬಿಚ್ಚಿದ ತುಂಡುಗಳಿಗೆ ನಂಬರ್ ಹಾಕಿಡಿ, ಅವನ್ನು ಎಸೆಯಬೇಡಿ. ದೋಣಿಯೊಳಗೆ ನೇರ ಗೋಡೆಯೇ ಇಲ್ಲದ ಕಾರಣ ಹಳೆಯ ತುಂಡೇ ಹೊಸದಕ್ಕೆ ಅಚ್ಚು. ಅದು ಪುಡಿಯಾಗಿದ್ದರೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಸರಿಹೊಂದಿಸಿ ನೋಡುತ್ತಾರೆ. ದೊಡ್ಡ ಹಲಗೆ ದೋಣಿಯ ಕಿರಿದಾದ ಬಾಗಿಲಲ್ಲಿ ಒಳಗೆ ಹೋಗುತ್ತದೆಯೇ ಎಂಬುದನ್ನೂ ಮೊದಲೇ ಅಳೆಯಬೇಕು.

ಹೊಸದಕ್ಕೆ ಮರೀನ್ ಪ್ಲೈವುಡ್ ಬೇಕು. ನಮ್ಮ ದೇಶದಲ್ಲಿ ಅದರ ಗುರುತು ಐ.ಎಸ್. 710. ಕತ್ತರಿಸಿದ ಅಂಚೇ ನೀರು ಹೀರುವ ಜಾಗ; ಅದಕ್ಕೆ ಎರಡು ಮೂರು ಸಲ ಎಪಾಕ್ಸಿ ಬಳಿಯುತ್ತಾರೆ. ಹಲಗೆಯ ಅಂಚು ದೋಣಿಯ ಹೊರಮೈಗೆ ಒತ್ತದಂತೆ ಸ್ವಲ್ಪ ಸಂದು ಬಿಟ್ಟು, ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿಯಿಂದ ಎರಡೂ ಬದಿ ಬೆಸೆಯುತ್ತಾರೆ. ಹಳೆಯ ಫೈಬರನ್ನು ಉಜ್ಜುವಾಗ ಮಾಸ್ಕ್, ಕನ್ನಡಕ ಮತ್ತು ಗಾಳಿ ಅತ್ಯಗತ್ಯ. ಕಪಾಟಿನ ಬಾಗಿಲುಗಳಿಗೂ ಗಾಳಿಯಾಡಲು ತೂತು ಬಿಡುತ್ತಾರೆ.

ನಮ್ಮ ಮನೆಯ ಕಪಾಟಿಗೂ ಇದೇ ಕ್ರಮ ಸಾಕು: ಗೋಡೆಯಿಂದ ಸ್ವಲ್ಪ ಅಂತರ, ಬಣ್ಣ ಬಳಿದ ಅಂಚು, ಗಾಳಿಗೆ ದಾರಿ. ಬಡಗಿಯನ್ನು ಕರೆಯುವ ಮೊದಲು ನೀರು ಎಲ್ಲಿಂದ ಬರುತ್ತದೆಂದು ನೋಡೋಣ.