ಹೊಸ ಪ್ರೊಸೆಸರು ಮತ್ತು ಹಳೆಯ ಕರ್ನೆಲ್

ಹೊಸ ಯಂತ್ರದಲ್ಲಿ ಲಿನಕ್ಸ್ ಸರ್ವರ್ ವ್ಯವಸ್ಥೆಯನ್ನು ಸ್ಥಾಪಿಸುವಾಗ ತೊಡಕುಂಟಾದರೆ ದೋಷವನ್ನು ಪ್ರೊಸೆಸರಿನ ಮೇಲೆ ಹೊರಿಸುವುದು ವಾಡಿಕೆ. ಈ ಊಹೆ ಬಹುಮಟ್ಟಿಗೆ ತಪ್ಪೆಂದು ನಾವು ಭಾವಿಸುತ್ತೇವೆ. ಹೊಸ ಪ್ರೊಸೆಸರು ತನ್ನ ಪೂರ್ವಜರ ಆದೇಶಗಳನ್ನು ಸಾಮಾನ್ಯವಾಗಿ ಪಾಲಿಸುತ್ತದೆ. ತೊಡಕಿರುವುದು ಅದರೊಡನೆ ಬರುವ ಪರಿವಾರದಲ್ಲಿ, ಎಂದರೆ ಜಾಲಸಂಪರ್ಕದ ಚಿಪ್ಪು, ಡಿಸ್ಕ್ ನಿಯಂತ್ರಕ ಮೊದಲಾದವುಗಳಲ್ಲಿ. ಇಂಥ ಪ್ರತಿಯೊಂದು ಸಾಧನಕ್ಕೂ ಒಂದು ಗುರುತುಸಂಖ್ಯೆಯುಂಟು. ಕರ್ನೆಲ್ಲಿನ ಯಾವ ಡ್ರೈವರಿನ ಪಟ್ಟಿಯಲ್ಲಿಯೂ ಆ ಸಂಖ್ಯೆ ಇಲ್ಲದಿದ್ದರೆ, ಸಾಧನವು ಸುಸ್ಥಿತಿಯಲ್ಲಿದ್ದರೂ ಇಲ್ಲದಂತೆಯೇ ಸರಿ.

ಒಂದು ನಿದರ್ಶನವನ್ನು ನೋಡೋಣ. 2018ರ ಏಪ್ರಿಲಿನಲ್ಲಿ ಹೊರಬಂದ ಉಬುಂಟು 18.04ರ ಕರ್ನೆಲ್ 4.15. ಇಂಟೆಲ್ ಐ225 ಜಾಲಚಿಪ್ಪಿಗೆ ಅವಶ್ಯವಾದ ‘ಐಜಿಸಿ’ ಡ್ರೈವರು ಲಿನಕ್ಸಿಗೆ ಸೇರಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ, 4.20ರೊಡನೆ. 2020ರಲ್ಲಿ ಬಂದ ಹತ್ತನೆಯ ಪೀಳಿಗೆಯ ಕೋರ್ ಪ್ರೊಸೆಸರುಗಳಿಗೆ ತಯಾರಾದ ಹಲವು ಮದರ್‌ಬೋರ್ಡುಗಳಲ್ಲಿ ಈ ಚಿಪ್ಪೇ ಇದ್ದಿತು. ಮೊದಲ ಪ್ರತಿಯಿಂದ ಸ್ಥಾಪಿಸಿದರೆ ಜಾಲ ಕಾಣದು. ಜಾಲವಿಲ್ಲದೆ ಡ್ರೈವರನ್ನು ತರಿಸುವುದೆಂತು?

ಡ್ರೈವರನ್ನು ಪೆನ್‌ಡ್ರೈವಿನಲ್ಲಿ ತಂದು ಕೈಯಾರೆ ಕಂಪೈಲ್ ಮಾಡಬಹುದು, ನಿಜ. ಆದರೆ ಕರ್ನೆಲ್ಲಿಗೆ ಭದ್ರತಾ ಪರಿಷ್ಕರಣೆ ಬಂದಾಗಲೆಲ್ಲ ಅದನ್ನು ಮರಳಿ ಕಟ್ಟಬೇಕು. ಮರೆತರೆ ಸರ್ವರು ಜಾಲದಿಂದ ಕಳಚಿಬೀಳುತ್ತದೆ. ಅದಕ್ಕೆ ಹೆದರಿ ಪರಿಷ್ಕರಣೆಯನ್ನೇ ಕೈಬಿಟ್ಟರೆ ಸಂಶೋಧನೆಯ ದತ್ತಾಂಶಕ್ಕೇ ಅಪಾಯ. 2020ರ ಆಗಸ್ಟಿನ 18.04.5 ಪ್ರತಿಯಲ್ಲಿ, ಹೊಸ ಯಂತ್ರಾಂಶಕ್ಕೆಂದೇ ಒದಗಿಸುವ ‘ಎಚ್‌ಡಬ್ಲ್ಯುಇ’ ಕರ್ನೆಲ್ 5.4 ದೊರೆಯಿತು. ಇಂಥ ಇತ್ತೀಚಿನ ಉಪಆವೃತ್ತಿಯನ್ನೇ ಆರಿಸುವುದು ಲೇಸು. ಕೊಳ್ಳುವ ಮುನ್ನವೇ ಯಂತ್ರವನ್ನು ಪೆನ್‌ಡ್ರೈವಿನಿಂದ ಚಾಲೂಮಾಡಿ, ‘ಎಲ್‌ಎಸ್‌ಪಿಸಿಐ’ ಆದೇಶದಿಂದ ಪ್ರತಿ ಸಾಧನಕ್ಕೂ ಡ್ರೈವರು ದೊರೆತಿದೆಯೇ ಎಂದು ಪರಿಶೀಲಿಸಿದರೆ ಅರ್ಧ ಗಂಟೆಯೂ ಹಿಡಿಯದು.