ಅಣ್ಣನ ಕೈಗೆ ಸಿಕ್ಕ ಗಾಳಿಪಟ

1934ರ ಡಿಸೆಂಬರ್ ಕೊನೆಯ ವಾರ ಹಿಂದಿ ಕತೆಗಾರ ಪ್ರೇಮಚಂದ್ ಮದ್ರಾಸಿಗೆ ಬಂದಿದ್ದರು. ಬೊಂಬಾಯಿಯ ಅಜಂತಾ ಸಿನೆಟೋನ್ ಕಂಪನಿಯಲ್ಲಿ ಸಿನಿಮಾ ಕತೆ ಬರೆಯುವ ಕೆಲಸಕ್ಕೆ ಸೇರಿ, ಆ ಲೋಕ ಒಗ್ಗದೆ ಒದ್ದಾಡುತ್ತಿದ್ದ ದಿನಗಳು ಅವು. ಮದ್ರಾಸಿನಲ್ಲಿ ಅವರಿಗಿದ್ದ ಕೆಲಸ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಘಟಿಕೋತ್ಸವ ಭಾಷಣ. 1918ರಲ್ಲಿ ಗಾಂಧೀಜಿ ಹುಟ್ಟುಹಾಕಿದ, ಅವರ ಮಗ ದೇವದಾಸರೇ ಮೊದಲ ಮೇಷ್ಟರಾಗಿ ಪಾಠ ಹೇಳಿದ ಸಂಸ್ಥೆ ಅದು. ಇವತ್ತಿಗೂ ಚೆನ್ನೈನ ಟಿ. ನಗರದಲ್ಲಿ ನಡೆಯುತ್ತಿದೆ, ನಮ್ಮ ಧಾರವಾಡದಲ್ಲೂ ಅದರ ಶಾಖೆಯಿದೆ.

ಭಾಷಣದ ವಿಷಯ ರಾಷ್ಟ್ರಭಾಷೆಯ ಸಮಸ್ಯೆಗಳು. ಮೂರೇ ವರ್ಷಕ್ಕೆ, 1937ರಲ್ಲಿ, ಅದೇ ಪ್ರಾಂತ್ಯದಲ್ಲಿ ಹಿಂದಿ ಕಡ್ಡಾಯದ ವಿರುದ್ಧ ಚಳವಳಿ ಎದ್ದಿತು. 1968ರಿಂದ ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ ದ್ವಿಭಾಷಾ ನೀತಿ, ಹಿಂದಿ ಅಲ್ಲಿಲ್ಲ. ಹಾಗಿದ್ದೂ ಚೆನ್ನೈನ ಸಿಬಿಎಸ್‌ಇ ಶಾಲೆಗಳಲ್ಲಿ ಹಿಂದಿ ಆರಿಸಿಕೊಂಡ ಹತ್ತನೇ ತರಗತಿಯ ಮಕ್ಕಳು ಪ್ರೇಮಚಂದರ ಒಂದು ಕತೆಯನ್ನು ವರ್ಷಗಳಿಂದ ಓದುತ್ತ ಬಂದಿದ್ದಾರೆ. ರಾಷ್ಟ್ರಭಾಷೆಯ ಗೊಡವೆಯೇ ಇಲ್ಲದ, ಇಬ್ಬರು ಅಣ್ಣತಮ್ಮಂದಿರ ಕತೆ ಅದು: ‘ಬಡೇ ಭಾಯಿ ಸಾಹಬ್’.

ಕತೆ ಹೇಳುವವನು ತಮ್ಮ, ವಯಸ್ಸು ಒಂಬತ್ತು. ಅಣ್ಣನಿಗೆ ಹದಿನಾಲ್ಕು. ಇಬ್ಬರೂ ಹಾಸ್ಟೆಲಿನಲ್ಲಿದ್ದಾರೆ. ಅಣ್ಣ ಹಗಲೂ ರಾತ್ರಿ ಓದುತ್ತಾನೆ, ಬೇಸರವಾದಾಗ ಪುಸ್ತಕದ ಅಂಚಿನಲ್ಲಿ ನಾಯಿ, ಬೆಕ್ಕು, ಹಕ್ಕಿಗಳ ಚಿತ್ರ ಬರೆಯುತ್ತಾನೆ, ಒಂದೇ ಪದವನ್ನು ಹತ್ತಾರು ಸಲ ಗೀಚುತ್ತಾನೆ. ಆದರೂ ಪ್ರತಿ ತರಗತಿಗೂ ಅವನಿಗೆ ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಬೇಕು. ಅಡಿಪಾಯ ಗಟ್ಟಿಯಾಗಬೇಕಲ್ಲ ಎಂದು ತಮ್ಮ ತಣ್ಣಗೆ ಸಮರ್ಥನೆ ಕೊಡುತ್ತಾನೆ. ತಮ್ಮನಿಗೆ ಮೈದಾನದ್ದೇ ಧ್ಯಾನ. ಬೈಸಿಕೊಂಡ ಮೇಲೆ ಆಟಕ್ಕೆ ಒಂದು ನಿಮಿಷವೂ ಇಲ್ಲದ ವೇಳಾಪಟ್ಟಿ ಹಾಕುತ್ತಾನೆ. ಮೊದಲ ದಿನವೇ ಅದನ್ನು ಮುರಿಯುತ್ತಾನೆ.

ಪರೀಕ್ಷೆ ಮುಗಿದಾಗ ಅಣ್ಣ ಫೇಲು, ತಮ್ಮ ತರಗತಿಗೇ ಮೊದಲು. ಜಂಬ ಕತೆಯೊಳಗೆ ಕಾಲಿಡುವುದು ಇಲ್ಲಿ.

ತಮ್ಮನ ಜಂಬ ಬಾಯಿ ಬಿಡುವ ಜಾತಿಯದಲ್ಲ. ನಡಿಗೆಯಲ್ಲಿ, ಹೆದರಿಕೆ ಕಡಿಮೆಯಾದದ್ದರಲ್ಲಿ ಅದು ಕಾಣುತ್ತದೆ. ಅಣ್ಣ ಮೂಸಿ ಹಿಡಿಯುತ್ತಾನೆ. ರಾವಣನ ಅಹಂಕಾರವೇ ಉಳಿಯಲಿಲ್ಲ, ನಿನ್ನದು ಯಾವ ಲೆಕ್ಕ ಎಂದು ಶುರುಮಾಡಿ ಇಂಗ್ಲೆಂಡಿನ ಹೆನ್ರಿಗಳು, ರೇಖಾಗಣಿತದ ಅಕ್ಷರಗಳು, ಸಮಯಪಾಲನೆಯ ಮೇಲಿನ ನಾಲ್ಕು ಪುಟದ ಪ್ರಬಂಧ ಎಂದು ತಾನು ಸೋತ ವಿಷಯಗಳನ್ನೆಲ್ಲ ಒಂದೊಂದಾಗಿ ಬಯ್ಯುತ್ತಾನೆ. ಆ ಬೈಗುಳವೂ ಒಂದು ಬಗೆಯ ಜಂಬವೇ. ಪರೀಕ್ಷೆ ಕೈಕೊಟ್ಟ ಮೇಲೆ ಅವನಿಗೆ ಉಳಿದಿರುವ ಆಸ್ತಿ ದೊಡ್ಡವನೆಂಬ ಪಟ್ಟ ಒಂದೇ.

ಹಿಂದಿ ಪಾಠ ಮಾಡುವವರು ಈ ಕತೆಯನ್ನು ಸಾಮಾನ್ಯವಾಗಿ ಒಂದು ಕಡೆಗೆ ವಾಲಿಸುತ್ತಾರೆ: ಪುಸ್ತಕದ ಓದಿಗಿಂತ ಅನುಭವ ದೊಡ್ಡದು, ಅಣ್ಣ ಹೇಳಿದ್ದು ಸರಿ. ಅದಕ್ಕೆ ಆಧಾರವೂ ಇದೆ. ಎರಡನೇ ವರ್ಷವೂ ಅಣ್ಣ ಫೇಲಾಗುತ್ತಾನೆ, ಅಂತರ ಒಂದೇ ತರಗತಿಗೆ ಇಳಿಯುತ್ತದೆ. ಕಡಿದ ಗಾಳಿಪಟದ ಹಿಂದೆ ಓಡುತ್ತಿದ್ದ ತಮ್ಮ ಪೇಟೆಯಿಂದ ಬರುತ್ತಿದ್ದ ಅಣ್ಣನಿಗೆ ಎದುರಾಗುತ್ತಾನೆ. ಆಗ ಅಣ್ಣ ಆಡುವ ಮಾತು ಕತೆಯ ಅತಿ ಗಟ್ಟಿಯಾದ ಭಾಗ. ಮನೆಯಿಂದ ಬಂದ ಹಣ ತಿಂಗಳ ಇಪ್ಪತ್ತು-ಇಪ್ಪತ್ತೆರಡಕ್ಕೇ ಮುಗಿಯುತ್ತದೆ; ಬೆಳಗಿನ ತಿಂಡಿ ನಿಲ್ಲುತ್ತದೆ, ಅಗಸನಿಗೂ ಕ್ಷೌರಿಕನಿಗೂ ಮುಖ ತಪ್ಪಿಸಿ ಓಡಾಡಬೇಕಾಗುತ್ತದೆ. ಇದರ ಅರ್ಧದಲ್ಲಿ ಒಂಬತ್ತು ಜನರ ಸಂಸಾರವನ್ನು ಅಪ್ಪ ಮರ್ಯಾದೆಯಿಂದ ನಡೆಸಿದರು ಎನ್ನುತ್ತಾನೆ. ನೀನು ನಾಳೆ ನನ್ನ ತರಗತಿಗೇ ಬಂದರೂ ನಮ್ಮಿಬ್ಬರ ನಡುವಿನ ಐದು ವರ್ಷವನ್ನು ದೇವರೂ ಅಳಿಸಲಾರ ಎಂಬುದು ಅವನ ವಾದದ ತಿರುಳು. ತಮ್ಮನ ಕಣ್ಣು ತುಂಬುತ್ತದೆ, ತಲೆ ಬಾಗುತ್ತದೆ.

ನೀತಿಪಾಠ ಬೇಕಾದವರಿಗೆ ಕತೆ ಅಲ್ಲಿಗೇ ಮುಗಿಯಬಹುದಿತ್ತು. ಪ್ರೇಮಚಂದ್ ಮುಗಿಸಲಿಲ್ಲ. ಅಣ್ಣ ತಮ್ಮನನ್ನು ತಬ್ಬಿಕೊಂಡು, ಪಟ ಹಾರಿಸಲು ನನಗೂ ಆಸೆಯೇ, ಆದರೆ ನಾನೇ ದಾರಿ ತಪ್ಪಿದರೆ ನಿನ್ನನ್ನು ಕಾಯುವವರು ಯಾರು ಎನ್ನುತ್ತಾನೆ. ಅಷ್ಟರಲ್ಲಿ ಕಡಿದ ಪಟವೊಂದು ತಲೆಯ ಮೇಲೆ ತೇಲಿ ಬರುತ್ತದೆ, ದಾರ ಜೋತಾಡುತ್ತಿದೆ, ಹಿಂದೆ ಹುಡುಗರ ದಂಡು. ಎತ್ತರದ ಆಳು ಅಣ್ಣ. ಹಾರಿ ದಾರ ಹಿಡಿದವನೇ ಹಾಸ್ಟೆಲಿನ ಕಡೆಗೆ ಓಟ ಕೀಳುತ್ತಾನೆ. ತಮ್ಮ ಅವನ ಹಿಂದೆ. ದೊಡ್ಡವನಾಗಿದ್ದಕ್ಕೆ ಅಣ್ಣನಿಗೆ ಕತೆಯಿಡೀ ದಕ್ಕುವ ಒಂದೇ ಲಾಭ ಇದು: ದಾರ ಅವನ ಕೈಗೆಟುಕಿತು.

ಹಾಗಾಗಿ ಗಾಳಿಪಟವನ್ನು ‘ಸ್ವಾತಂತ್ರ್ಯದ ಸಂಕೇತ’ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಬಂದೀತು, ಕತೆ ಕೈಗೆ ಸಿಗದು. ಆ ಪಟ ಯಾರದೂ ಅಲ್ಲ. ಹಾರಿಸುವವನ ಕೈ ತಪ್ಪಿ ಹೋದದ್ದು. ಅದನ್ನು ಹಿಡಿಯಲು ಅಂಕವೂ ಬೇಡ, ವಯಸ್ಸಿನ ಗೌರವವೂ ಬೇಡ. ಅಣ್ಣ ತನ್ನ ಪಟ್ಟವನ್ನು ಅರೆಗಳಿಗೆ ಕೆಳಗಿಟ್ಟಿದ್ದಾನೆ. ತಮ್ಮ ಸೋಲಲಿಲ್ಲ, ಗೆಲ್ಲಲೂ ಇಲ್ಲ.

ಈ ಅಣ್ಣನಲ್ಲಿ ಲೇಖಕರೂ ಸಾಕಷ್ಟು ಇದ್ದಾರೆ. ಪ್ರೇಮಚಂದರಿಗೆ ಗಣಿತ ಹತ್ತಲಾಗದ ಬೆಟ್ಟವಾಗಿತ್ತು. ಇಂಟರ್‌ಮೀಡಿಯೆಟ್‌ನಲ್ಲಿ ಮತ್ತೆ ಮತ್ತೆ ಅದರಲ್ಲೇ ಬಿದ್ದು, ಕೊನೆಗೆ 1910ರಲ್ಲಿ ತೇರ್ಗಡೆಯಾದರು, ಬಿ.ಎ. ಮುಗಿದದ್ದು 1919ರಲ್ಲಿ, ಸುಮಾರು ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ನಡುವೆ ಶಾಲೆಗಳ ಸಬ್ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿಯೂ ದುಡಿದರು. ಅಂದರೆ ಪರೀಕ್ಷೆಯ ಮೇಲೆ ಅಣ್ಣ ಕಾರುವ ಸಿಟ್ಟನ್ನು ಬರೆದ ಮನುಷ್ಯ ಆ ವ್ಯವಸ್ಥೆಯ ಎರಡೂ ಬದಿಯಲ್ಲಿ ಕೂತಿದ್ದವರು. ತಂದೆ ತೀರಿಕೊಂಡಾಗ ಹದಿಹರೆಯದಲ್ಲೇ ಮಲತಾಯಿಯ, ಅವರ ಮಕ್ಕಳ ಹೊಣೆ ಅವರ ಹೆಗಲಿಗೆ ಬಿತ್ತು. ಹಿರಿಯಣ್ಣನಾಗುವುದೆಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಮೆರಿಕದ ಶಾಲಾಮಕ್ಕಳು ಇದೇ ವಯಸ್ಸಿನಲ್ಲಿ ಇನ್ನೊಂದು ಕತೆ ಓದುತ್ತಾರೆ: ಜೇಮ್ಸ್ ಹರ್ಸ್ಟ್ 1960ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಐಬಿಸ್’. ಅಲ್ಲಿಯೂ ಜಂಬದ್ದೇ ಆಟ. ನಡೆಯಲಾರದ ತಮ್ಮ ತನಗೆ ಅವಮಾನವೆಂದು ಅಣ್ಣ ಅವನಿಗೆ ನಡೆಯಲು ಕಲಿಸುತ್ತಾನೆ. ಕಲಿಸಿದ್ದು ಸಾಲದೆ ಈಜು, ಓಟ ಎಂದು ದೂಡುತ್ತಾನೆ. ತಮ್ಮ ಮಳೆಯಲ್ಲಿ ಸಾಯುತ್ತಾನೆ. ಬಿರುಗಾಳಿಗೆ ಸಿಕ್ಕಿ ದಿಕ್ಕು ತಪ್ಪಿ ಬಂದು ಅಂಗಳದಲ್ಲಿ ಬಿದ್ದು ಸತ್ತ ಕೆಂಪು ಹಕ್ಕಿ ಆ ಮಗುವಿನ ಗುರುತು. ಅದು ಒಳ್ಳೆಯ ಕತೆ, ಸಂಶಯವಿಲ್ಲ. ಆದರೆ ಹಕ್ಕಿ ಎಂದರೆ ತಮ್ಮ ಎಂಬುದು ತೀರ ನಿಚ್ಚಳ. ಪ್ರೇಮಚಂದರ ಪಟ ಅಷ್ಟು ಸುಲಭವಾಗಿ ತನ್ನನ್ನು ಯಾರ ಹೆಸರಿಗೂ ಬರೆದುಕೊಡುವುದಿಲ್ಲ.

ಅಣ್ಣತಮ್ಮಂದಿರ ಅಹಂಕಾರ ಕನ್ನಡಕ್ಕೆ ಹೊಸದಲ್ಲ. 941ರಲ್ಲಿ ಪಂಪ ‘ಆದಿಪುರಾಣ’ದಲ್ಲಿ ಭರತ-ಬಾಹುಬಲಿಯರನ್ನು ತಂದ. ಅಲ್ಲಿ ಗೆದ್ದ ತಮ್ಮನೇ ರಾಜ್ಯವನ್ನು ಅಣ್ಣನಿಗೆ ಬಿಟ್ಟು ಹೊರಡುತ್ತಾನೆ. ಶ್ರವಣಬೆಳಗೊಳದ ಗೊಮ್ಮಟನ ತೊಡೆ, ತೋಳುಗಳ ಮೇಲೆ ಹಬ್ಬಿದ ಬಳ್ಳಿಯನ್ನು, ಕಾಲ ಬುಡದ ಹುತ್ತವನ್ನು ನೋಡಿ ಬೆಳೆದವರಿಗೆ ಸಂಕೇತವೆಂದರೇನು ಎಂಬ ಪಾಠ ಬೇಕಿಲ್ಲ.

ಚೆನ್ನೈನ ಮಕ್ಕಳಿಗೆ ಈ ಪಟ ಇನ್ನೊಂದು ರೀತಿಯಲ್ಲೂ ಹತ್ತಿರ. ಉತ್ತರ ಚೆನ್ನೈನ ಮಾಳಿಗೆಗಳಲ್ಲಿ ‘ಕಾತ್ತಾಡಿ’ ಕಾಳಗ ಹಳೆಯ ಹುಚ್ಚು. ಕತೆಯ ತಮ್ಮ ಅಣ್ಣನ ಕಣ್ಣು ತಪ್ಪಿಸಿ ದಾರಕ್ಕೆ ಮಾಂಜಾ ಹಚ್ಚುತ್ತಾನಲ್ಲ, ಗಾಜಿನ ಪುಡಿ, ಅಂಟು ಬೆರೆಸಿದ ಅದೇ ಮಾಂಜಾ ಇಲ್ಲಿ ಬೈಕಿನಲ್ಲಿ ಹೋಗುವವರ, ಮುಂದೆ ಕೂತ ಕೂಸುಗಳ ಕತ್ತು ಕೊಯ್ದಿದೆ. ನಗರ ಪೊಲೀಸರು ಅದನ್ನು ನಿಷೇಧಿಸಿದ್ದಾರೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಮಾಂಜಾವನ್ನು ದೇಶಾದ್ಯಂತ ತಡೆಯಿತು. ಕಡಿದ ಪಟದ ಹಿಂದೆ ಆಕಾಶ ನೋಡುತ್ತ ಬೀದಿಯಲ್ಲಿ ಓಡುವ ಹುಡುಗನನ್ನು ತಡೆಯುವ ಅಣ್ಣನ ಮಾತಿಗೆ ಇಲ್ಲಿ ಪ್ರೇಮಚಂದ್ ಎಣಿಸಿರದ ತೂಕವೂ ಸೇರಿಕೊಂಡಿದೆ.

ಪಾಠ ಹೇಳುವವರಲ್ಲಿ ಒಂದು ಕೋರಿಕೆ. ಅಣ್ಣನ ಉಪದೇಶದಲ್ಲಿ ಎಷ್ಟು ನೀತಿಗಳಿವೆ ಎಂದು ಪಟ್ಟಿ ಮಾಡಿಸಿದ್ದು ಸಾಕು. ಇಷ್ಟೆಲ್ಲ ಮಾತಾಡಿದ ಅಣ್ಣ ಪಟ ಹಿಡಿದ ಮೇಲೆ ಒಂದು ಮಾತನ್ನೂ ಏಕೆ ಆಡಲಿಲ್ಲ ಎಂದು ಮಕ್ಕಳನ್ನು ಒಮ್ಮೆ ಕೇಳಿ ನೋಡಿ.