ಮೊದಲು ನೀರು, ಆಮೇಲೆ ಆಸ್ಪತ್ರೆ: ಲ್ಯಾಬಿನಲ್ಲಿ ಕೆಮಿಕಲ್ ಅವಘಡವಾದರೆ ಏನು ಮಾಡಬೇಕು?



ಪುಣೆ ಅಂದ ಕೂಡಲೇ ನಮಗೆ ನೆನಪಾಗುವುದು ಹಿಂಜವಡಿಯ ಐಟಿ ಕಂಪನಿಗಳು. ಆದರೆ ಇದು ಲ್ಯಾಬುಗಳ ಊರೂ ಹೌದು. ಪಾಷಾಣದಲ್ಲಿ 1950ರಿಂದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ನಡೆಯುತ್ತಿದೆ. ಊರ ತುಂಬ ವಿಜ್ಞಾನ ಮತ್ತು ಫಾರ್ಮಸಿ ಕಾಲೇಜುಗಳಿವೆ. ಭೋಸರಿ, ಚಾಕಣ, ಕುರ್ಕುಂಭದ ಕಡೆಯ ಕಾರ್ಖಾನೆಗಳಲ್ಲಿ ಪರೀಕ್ಷಾ ಲ್ಯಾಬುಗಳಿವೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮನೆಗಳಿಂದಲೂ ಮಕ್ಕಳು ಇಂಥ ಕಡೆ ಓದಲು, ದುಡಿಯಲು ಹೋಗುತ್ತಾರೆ. ಕೆಲವರು ಸಂಶೋಧಕರು, ಕೆಲವರು ಲ್ಯಾಬ್ ಅಟೆಂಡರ್, ಕೆಲವರು ಗಾಜಿನ ಸಾಮಾನು ತೊಳೆಯುವವರು. ಆಸಿಡ್ ಬೀಳುವಾಗ ಇವರು ಓದಿದವರು, ಇವರು ಕಸ ಗುಡಿಸುವವರು ಅಂತ ನೋಡಿ ಬೀಳುವುದಿಲ್ಲ.

ಹಾಗಾಗಿ ಈ ಲೇಖನವನ್ನು ಓದಿ, ಮನೆಯಲ್ಲಿ ಲ್ಯಾಬಿಗೆ ಹೋಗುವವರಿಗೆ ಓದಿ ಹೇಳಿ. ಒಂದೇ ಮಾತು ನೆನಪಿದ್ದರೂ ಸಾಕು: *ಗಾಯ ಎಷ್ಟು ದೊಡ್ಡದಾಗುತ್ತದೆ ಎಂಬುದು ಹೆಚ್ಚಾಗಿ ಆಸ್ಪತ್ರೆ ಮುಟ್ಟುವ ಮೊದಲೇ, ಅಲ್ಲೇ ಇದ್ದ ನಲ್ಲಿಯ ಕೆಳಗೆ ತೀರ್ಮಾನವಾಗುತ್ತದೆ.*

*ಶವರ್ ಇತ್ತು, ಆದರೆ ಬಳಸಲಿಲ್ಲ*

2008ರ ಡಿಸೆಂಬರ್ 29. ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಒಂದು ಲ್ಯಾಬಿನಲ್ಲಿ 23 ವರ್ಷದ ಸಂಶೋಧನಾ ಸಹಾಯಕಿ ಸಿರಿಂಜಿನಲ್ಲಿ ಒಂದು ದ್ರವ ಎಳೆಯುತ್ತಿದ್ದಳು. ಗಾಳಿ ತಾಗಿದರೆ ಸಾಕು, ತಾನಾಗಿಯೇ ಹೊತ್ತಿಕೊಳ್ಳುವ ದ್ರವ ಅದು. ಸಿರಿಂಜ್ ಬಿಚ್ಚಿಕೊಂಡು ದ್ರವ ಮೈಮೇಲೆ ಚೆಲ್ಲಿತು, ಬಟ್ಟೆಗೆ ಬೆಂಕಿ ಹತ್ತಿತು. ಆಕೆ ಲ್ಯಾಬ್ ಕೋಟ್ ಹಾಕಿರಲಿಲ್ಲ. ಮೈಮೇಲಿದ್ದುದು ಸಿಂಥೆಟಿಕ್ ಸ್ವೆಟರ್. ಲ್ಯಾಬಿನಲ್ಲಿ ತುರ್ತು ಶವರ್ ಇದ್ದರೂ ಗಾಬರಿಯಲ್ಲಿ ಯಾರೂ ಆಕೆಯನ್ನು ಅದರ ಕೆಳಗೆ ನಿಲ್ಲಿಸಲಿಲ್ಲ. 18 ದಿನಗಳ ನಂತರ ಆಕೆ ತೀರಿಕೊಂಡಳು.

ನಮ್ಮ ಕಡೆಯೂ ಇಂಥ ದುರಂತಗಳಾಗಿವೆ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬಿನಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದು ಒಬ್ಬ ಯುವ ಸಂಶೋಧಕ ಸತ್ತರು, ಮೂವರು ಗಾಯಗೊಂಡರು. ದೇಶದ ಅತಿ ದೊಡ್ಡ ಸಂಸ್ಥೆಯಲ್ಲೇ ಹೀಗಾಗಬಹುದಾದರೆ ಸಣ್ಣ ಲ್ಯಾಬುಗಳ ಮಾತು ಹೇಳಬೇಕೆ?

*1. ಮೈಮೇಲೆ ಬಿದ್ದರೆ*

ಕೂಡಲೇ ಶವರ್ ಅಥವಾ ನಲ್ಲಿಯ ಕೆಳಗೆ ನಿಲ್ಲಬೇಕು. ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು. ನೀರು ಬೀಳುತ್ತಿರುವಾಗಲೇ ಬಟ್ಟೆ, ವಾಚು, ಉಂಗುರ, ಬಳೆ, ಚಪ್ಪಲಿ ತೆಗೆಯಬೇಕು. ಬಟ್ಟೆಯಲ್ಲಿ ಹೀರಿಕೊಂಡ ಕೆಮಿಕಲ್ ಚರ್ಮವನ್ನು ಸುಡುತ್ತಲೇ ಇರುತ್ತದೆ. ಇಲ್ಲಿ ನಾಚಿಕೆ ಪಟ್ಟರೆ ಚರ್ಮ ಹೋಗುತ್ತದೆ. ಜೊತೆಗಿದ್ದವರು ಲ್ಯಾಬ್ ಕೋಟ್ ಅಥವಾ ಚಾದರ ಅಡ್ಡ ಹಿಡಿದರಾಯಿತು. ಸಹಾಯ ಮಾಡುವವರು ಕೈಗೆ ಗ್ಲೌಸ್ ಹಾಕಿಕೊಳ್ಳಲಿ.

ಹಲವರಿಗೆ ಇಲ್ಲೊಂದು ಅನುಮಾನ ಬರುತ್ತದೆ: "ಆಸಿಡ್‌ಗೆ ನೀರು ಹಾಕಬಾರದು ಅಂತ ಶಾಲೆಯಲ್ಲಿ ಹೇಳಿದ್ದರಲ್ಲ?" ಆ ಪಾಠ ಬೀಕರಿನಲ್ಲಿ ಆಸಿಡ್ ಬೆರೆಸುವಾಗಿನದು. ಅಲ್ಲಿ ಸ್ವಲ್ಪ ನೀರು ಬಿದ್ದರೆ ಬಿಸಿಯಾಗಿ ಸಿಡಿಯುತ್ತದೆ. ಮೈಮೇಲೆ ಬಿದ್ದಾಗ ಧಾರಾಳವಾಗಿ ನೀರು ಹರಿಸುತ್ತೇವೆ. ಆ ನೀರು ಬಿಸಿಯನ್ನೂ ಆಸಿಡ್ಡನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಅನುಮಾನಿಸುತ್ತ ನಿಲ್ಲಬೇಡಿ.

ಆಸಿಡ್ ಬಿದ್ದ ಜಾಗಕ್ಕೆ ಸೋಡಾ ಹಚ್ಚುವುದು, ಕಾಸ್ಟಿಕ್ ಬಿದ್ದಲ್ಲಿಗೆ ಲಿಂಬೆ ಹಿಂಡುವುದು ಬೇಡವೇ ಬೇಡ. ಅವೆರಡೂ ಸೇರಿದಾಗ ಹುಟ್ಟುವ ಬಿಸಿಯೇ ಇನ್ನಷ್ಟು ಸುಡುತ್ತದೆ. ಅರಿಶಿನ, ಟೂತ್‌ಪೇಸ್ಟ್, ಬೆಣ್ಣೆ ಯಾವುದನ್ನೂ ಹಚ್ಚಬೇಡಿ. ಕಾಸ್ಟಿಕ್ ಸೋಡಾ ಆಸಿಡ್‌ಗಿಂತಲೂ ಮೋಸಗಾರ. ಕೊಬ್ಬನ್ನು ಸಾಬೂನಿನಂತೆ ಕರಗಿಸುತ್ತ ಒಳಗೊಳಗೇ ಇಳಿಯುತ್ತದೆ. ಉರಿ ಕಡಿಮೆ ಇದೆಯೆಂದು ಬೇಗ ನಲ್ಲಿ ನಿಲ್ಲಿಸಬಾರದು.

ಒಣ ಪುಡಿಯೋ ಸುಣ್ಣವೋ ಬಿದ್ದಿದ್ದರೆ ಮೊದಲು ಬ್ರಷ್‌ನಿಂದ ಝಾಡಿಸಿ, ಆಮೇಲೆ ನೀರು ಹರಿಸಿ.

*2. ಕಣ್ಣಿಗೆ ಸಿಡಿದರೆ*

ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು 15ರಿಂದ 20 ನಿಮಿಷ ನೀರು ಹರಿಸಿ. ಒಂದೇ ಕಣ್ಣಿಗೆ ಬಿದ್ದಿದ್ದರೆ ಆ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯಲಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಿರಿ. ಕಣ್ಣು ಉಜ್ಜಬೇಡಿ. ನೋವು ಕಡಿಮೆಯಾದರೂ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು.

*3. ಗ್ಯಾಸ್ ಸೋರಿದರೆ*

ಮೊದಲು ಹೊರಗೆ ಬನ್ನಿ, ಗಾಳಿ ಬೀಸಿ ಬರುವ ಕಡೆಗೆ ಹೋಗಿ. ಕ್ಲೋರಿನ್ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಆದ್ದರಿಂದ ಎತ್ತರದ ಜಾಗಕ್ಕೆ ಹೋಗಬೇಕು, ನೆಲಮಾಳಿಗೆಗೆ ಇಳಿಯಬಾರದು. 2024ರ ಜನವರಿಯಲ್ಲಿ ಇಲ್ಲೇ ಕಾಸರವಾಡಿಯ ಈಜುಕೊಳದಲ್ಲಿ ಕ್ಲೋರಿನ್ ಸೋರಿ ಹಲವರು ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬಹುದು.

ಒಳಗೆ ಯಾರಾದರೂ ಬಿದ್ದಿದ್ದರೆ ಉಸಿರು ಬಿಗಿಹಿಡಿದು ನುಗ್ಗಬೇಡಿ. ಒಬ್ಬರನ್ನು ಎತ್ತಲು ಹೋಗಿ ಮತ್ತೊಬ್ಬರು ಬೀಳುವುದು ಇಂಥ ಅವಘಡಗಳಲ್ಲಿ ಮತ್ತೆ ಮತ್ತೆ ನಡೆಯುವ ಅನಾಹುತ. ಅಲಾರಂ ಒತ್ತಿ, ಉಸಿರಾಟದ ಉಪಕರಣ ಇರುವವರನ್ನು ಕರೆಯಿರಿ.

ನೈಟ್ರಿಕ್ ಆಸಿಡ್‌ನಿಂದ ಏಳುವ ಕಂದು ಬಣ್ಣದ ಹೊಗೆ ವಿಶೇಷ ಅಪಾಯ. ಕುಡಿದಾಗ ಬರೀ ಕೆಮ್ಮು ಬರಬಹುದು. ಆದರೆ ಹಲವು ಗಂಟೆಗಳ ನಂತರ, ಒಮ್ಮೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬಬಹುದು. "ಈಗ ಆರಾಮ ಇದೀನಿ" ಅಂತ ಮನೆಗೆ ಬಂದು ಮಲಗಬಾರದು, ಆಸ್ಪತ್ರೆಯ ನಿಗಾದಲ್ಲಿರಬೇಕು.

*4. ಎಲ್ಲಕ್ಕೂ ನೀರೊಂದೇ ಸಾಲದು*

ಗಾಜು ಕೆತ್ತಲು ಬಳಸುವ ಹೈಡ್ರೋಫ್ಲೋರಿಕ್ ಆಸಿಡ್ ಬಿದ್ದರೆ ಮೊದಲು ನೋವೇ ಗೊತ್ತಾಗದಿರಬಹುದು. ಅದು ಒಳಗಿಳಿದು ರಕ್ತದ ಕ್ಯಾಲ್ಸಿಯಂ ಕಸಿದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ತೊಳೆದ ಮೇಲೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಓಡಬೇಕು. ಈ ಆಸಿಡ್ ಇರುವ ಲ್ಯಾಬಿನಲ್ಲಿ ಆ ಜೆಲ್ ಇರಲೇಬೇಕು. ಇನ್ನು ಸೋಡಿಯಂ ಲೋಹಕ್ಕೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಒಣ ಮರಳು ಹಾಕಬೇಕು. ಕೆಮಿಕಲ್ ಹೊಟ್ಟೆಗೆ ಹೋಗಿದ್ದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟಿದ್ದು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ.

*5. ಫೋನಿನಲ್ಲಿ ಏನು ಹೇಳಬೇಕು?*

ಒಬ್ಬರು ತೊಳೆಯುತ್ತಿರುವಾಗ ಇನ್ನೊಬ್ಬರು 108 ಅಥವಾ 112ಕ್ಕೆ ಫೋನ್ ಮಾಡಲಿ. ಗಾಬರಿಯಲ್ಲಿ ಮರಾಠಿ ಬಾಯಿಗೆ ಬರದಿದ್ದರೆ ಈ ನಾಲ್ಕು ಮಾತು ಬಾಯಿಪಾಠ ಮಾಡಿಡಿ:

ಅಂಗಾವರ್ ಕೆಮಿಕಲ್ ಪಡ್ಲಂ ಆಹೆ (ಮೈಮೇಲೆ ಕೆಮಿಕಲ್ ಬಿದ್ದಿದೆ)
ಡೋಳ್ಯಾತ್ ಆಸಿಡ್ ಗೇಲಂ ಆಹೆ (ಕಣ್ಣಿಗೆ ಆಸಿಡ್ ಹೋಗಿದೆ)
ಶ್ವಾಸ್ ಘ್ಯಾಯಲಾ ತ್ರಾಸ್ ಹೋತೋಯ್ (ಉಸಿರಾಡಲು ಕಷ್ಟವಾಗುತ್ತಿದೆ)
ಲವಕರ್ ಗಾಡಿ ಪಾಠವಾ (ಬೇಗ ಗಾಡಿ ಕಳಿಸಿ)

ಬಾಟಲಿಯ ಲೇಬಲ್ಲಿನ ಫೋಟೋ ತೆಗೆದುಕೊಂಡು ಹೋಗಿ. ಹೆಸರು ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆಯ ದಾರಿ ಬೇಗ ಸಿಗುತ್ತದೆ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಇದನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ.

*6. ಕೆಲಸಕ್ಕೆ ಸೇರಿದ ದಿನವೇ ಕೇಳಬೇಕಾದ ಪ್ರಶ್ನೆಗಳು*

ತುರ್ತು ಶವರ್, ಕಣ್ಣು ತೊಳೆಯುವ ನಲ್ಲಿ ಎಲ್ಲಿವೆ? ಹತ್ತು ಸೆಕೆಂಡಿನಲ್ಲಿ ಅಲ್ಲಿಗೆ ತಲುಪುವಂತಿರಬೇಕು. ವಾರಕ್ಕೊಮ್ಮೆ ಅವನ್ನು ತೆರೆದು ನೋಡುತ್ತಾರೆಯೇ? ಅವುಗಳ ಮುಂದೆ ರಟ್ಟಿನ ಪೆಟ್ಟಿಗೆ ಪೇರಿಸಿಲ್ಲವಷ್ಟೇ? ಪ್ರತಿ ಕೆಮಿಕಲ್ಲಿನ ಸುರಕ್ಷತಾ ಹಾಳೆ ಎಲ್ಲಿದೆ? ಅದರ 4ನೇ ಭಾಗದಲ್ಲೇ ಪ್ರಥಮ ಚಿಕಿತ್ಸೆ ಬರೆದಿರುತ್ತದೆ. ಹೊರಹೋಗಲು ಎರಡನೇ ಬಾಗಿಲು ಯಾವುದು, ಅದಕ್ಕೆ ಬೀಗ ಹಾಕಿದ್ದಾರೆಯೇ?

ಕೊನೆಯ ಪ್ರಶ್ನೆ ಸಣ್ಣದಲ್ಲ. 2021ರ ಜೂನ್ 7ರಂದು ಪಿರಂಗುಟ್ ಹತ್ತಿರದ ರಾಸಾಯನಿಕ ಕಾರ್ಖಾನೆಯ ಬೆಂಕಿಯಲ್ಲಿ ಸಿಲುಕಿ 17 ಕಾರ್ಮಿಕರು ಸತ್ತರು. ಅವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ದುಡಿಯುತ್ತಿದ್ದ ಹೆಣ್ಣುಮಕ್ಕಳು.

ಹೊಸ ಊರು, ಹೊಸ ಕೆಲಸ, ಸಾಹೇಬರಿಗೆ ಪ್ರಶ್ನೆ ಕೇಳಿದರೆ ಏನಂದುಕೊಂಡಾರು ಎಂಬ ಸಂಕೋಚ ನಮ್ಮವರಿಗೆ ಇರುತ್ತದೆ. ಕೇಳಲಿ. ಶವರ್ ಎಲ್ಲಿದೆ ಎಂದು ಕೇಳಿದ್ದಕ್ಕೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗಳನ್ನೋ ಮಗನನ್ನೋ ತಮ್ಮನನ್ನೋ ಕೇಳಿ: "ನಿನ್ನ ಲ್ಯಾಬಿನಲ್ಲಿ ಶವರ್ ಎಲ್ಲಿದೆ?" ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದನ್ನು ಹುಡುಕುವುದು.

ಉಪಯುಕ್ತ ಅನಿಸಿದರೆ ನಿಮ್ಮ ಬಳಗದ ಗುಂಪುಗಳಿಗೂ ಕಳಿಸಿ.